ನೂರು ಎಣಿಸುವಷ್ಟರಲ್ಲಿ

ಕೌಲ್‌ಬಜಾರಿನ ಲ್ಯಾಬಿಗೆ ಬಂದವನ
ಉಗುರು ಹತ್ತೂ ನೀಲಿ.
ಹೆಸರು ಎರ್ರಿಸ್ವಾಮಿ. ಕೆಲಸ, ಜೀನ್ಸಿಗೆ ಬಣ್ಣ.
ಮೊಣಕೈ ತನಕ ತುರಿಕೆ.

ಬೆರಳು ಚುಚ್ಚಿದೆ. ಬಂದದ್ದು ಕೆಂಪೇ.
ಅವನಿಗೇ ಒಂದಿಷ್ಟು ಆಶ್ಚರ್ಯ.

ಗಾಜಿನ ಮೇಲೆಳೆದು, ಒಣಗಿಸಿ
ನಾನೂ ಬಣ್ಣ ಹಾಕಿದೆ.
"ಎಷ್ಟೊತ್ತು ನೆನೀಬೇಕ್ರಿ?"
ಹತ್ತು ನಿಮಿಷ.
"ನಮ್ದು ಡ್ರಮ್ಮಿನಾಗೆ ಮುಕ್ಕಾಲು ತಾಸು" ಅಂದ,
ಕಸುಬಿನವನು ಕಸುಬಿನವಳಿಗೆ ಹೇಳುವಂತೆ.

ಇಣುಕು ಅಂದೆ. ಒಂದು ಕಣ್ಣು ಮುಚ್ಚಿದ.
"ಗುಂಡಿ ಚೆಲ್ಯಾವಲ್ರೀ, ನಡುವೆ ಒತ್ತಿದ ಗುಂಡಿ!"
ಕೆಂಪು ಕಣ. ಹೊಟ್ಟೆಯೊಳಗಿನ ಬೀಜ ಬಿಸಾಕಿ
ಉಸಿರಿಗೆ ಜಾಗ ಬಿಟ್ಟುಕೊಟ್ಟದ್ದು.
ನಾಲ್ಕು ತಿಂಗಳ ದುಡಿಮೆ, ರಜೆಯಿಲ್ಲ, ಆಮೇಲೆ ಗುಜರಿ.
"ಈ ಚಿಂದಿ?"
ಹರಿದಲ್ಲಿಗೆ ಓಡಿ ತೇಪೆಯಾಗುವವು.
"ಮೂರು ಗಂಟು, ನಡುವೆ ಎಳೆ?"
ಬಿಳಿ ಕಣ. ಕಾವಲಿನದು.
"ಬಿಳಿ ಅಂತೀರಿ, ನೇರಳೆ ಐತಲ್ಲ?"
ಅದು ನಾನು ಹಾಕಿದ್ದಪ್ಪ.

ಎಣಿಕೆಯ ಕೀಲಿ ಒತ್ತುತ್ತಾ ಕೂತೆ, ಟಕ್ಕು ಟಕ್ಕು.
ನೂರರಲ್ಲಿ ನಾಲ್ಕೈದಿದ್ದರೆ ಸಾಕಾದ
ಕಿತ್ತಳೆ ಕಾಳಿನ ಕಣ
ಹದಿನಾಲ್ಕಾಯಿತು.
ಮೈಗೆ ಒಗ್ಗದ್ದು ಬಂದರೆ ಏಳುವ ಜನ ಇವರು.

ತೊಂಬತ್ತೇಳನೆಯದು ಅಪರೂಪದ್ದು,
ಮೈತುಂಬ ಕಡುನೀಲಿ ಹರಳು.
ತಡೆಯಲಾಗಲಿಲ್ಲ, ಮತ್ತೆ ಕರೆದೆ.

ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.
"ಇಷ್ಟು ಒಳಗೆ ಹೊಕ್ಕೈತೇನ್ರಿ ನಮ್ಮ ಬಣ್ಣ?"

ಇಲ್ಲ, ಅದೂ ನನ್ನದೇ, ಅಂದೆ.
ನಂಬಲಿಲ್ಲ.
ಬಾಟಲಿ ನೋಡಿದ. ನನ್ನ ಬೆರಳು ನೋಡಿದ,
ತುದಿಯಲ್ಲಿ ತೊಳೆದರೂ ಹೋಗದ ನೇರಳೆ.

"ನಿಮಗೂ ತುರಿಸ್ತೈತೇನ್ರಿ?"