ಅಳೆದೂ ಸುರಿದೂ

ಪೈಪು ಬೆಸೆದವನು ನಾನು.
ಝೂರಿಕ್ಕಿನ ನೆಲಮಾಳಿಗೆಯಲ್ಲಿ ಇಪ್ಪತ್ತೆಂಟು ಮೀಟರು,
ಒಂದೊಂದು ಬೆಸುಗೆಗೂ ಎರಡೆರಡು ದಿನ.
ಆ ತುದಿಗೊಂದು ಚಿಪ್, ಈ ತುದಿಗೊಂದು,
ನಡುವೆ ನಕ್ಷತ್ರಗಳ ಸಂದಿಯಲ್ಲೂ ಸಿಗದ ಚಳಿ.

ಎರಡೂ ಹೆಣೆದುಕೊಂಡಿವೆ, ಅನ್ನುತ್ತಾಳೆ ಉರ್ಸಿನಾ.
ಇಲ್ಲಿ ಸೊನ್ನೆಯಾದರೆ ಅಲ್ಲೂ ಸೊನ್ನೆ,
ಇಲ್ಲಿ ಒಂದಾದರೆ ಅಲ್ಲೂ ಒಂದು.
ನನ್ನ ಎರಡು ಸ್ಕೀಗಳದ್ದೂ ಒಂದೇ ಬಣ್ಣ,
ಅದಕ್ಕೆ ಯಾರು ಬಹುಮಾನ ಕೊಡ್ತಾರೆ? ಅಂದೆ.

ಅವಳು ನಗಲಿಲ್ಲ.
ಓರೆಯಾಗಿ ಕೇಳಬೇಕಂತೆ, ಕೋನ ತಿರುಗಿಸಿ,
ಈ ತುದಿಯ ಪ್ರಶ್ನೆ
ಬೆಳಕಿನ ಕಾಲಲ್ಲಿ ಓಡಿದರೂ ಆ ತುದಿ ಮುಟ್ಟುವ ಮೊದಲೇ
ಅಲ್ಲಿಯ ಉತ್ತರ ಬರೆದಾಗಿರಬೇಕಂತೆ.
ಮೊದಲೇ ಮಾತಾಡಿಕೊಂಡು ಬಂದ ಸಾಕ್ಷಿಗಳಾದರೆ
ಲೆಕ್ಕ ಎರಡಕ್ಕೇ ನಿಂತುಬಿಡುತ್ತದೆ.
ಅದರಾಚೆ ಸುಳ್ಳು ನಡೆಯದು.

ನೋಡಿದೊಡನೆ ಹೆಣಿಗೆ ಬಿಚ್ಚಿಹೋಗುತ್ತದೆ.
ಮತ್ತೆ ಹೆಣೆ, ಮತ್ತೆ ಅಳೆ, ಮತ್ತೆ ಸುರಿ,
ಹತ್ತು ಲಕ್ಷ ಸಲ,
ನಾನೊಂದು ಕಾಫಿ ಮುಗಿಸುವಷ್ಟರಲ್ಲಿ.

ಬೆಳಗಿನ ಜಾವ ನಾಲ್ಕು. ಟ್ರಾಮು ಇನ್ನೂ ಹೊರಟಿಲ್ಲ.
ಪರದೆಯ ಮೇಲೆ ಎರಡು,
ಆಮೇಲೆ ಚುಕ್ಕಿ, ಸೊನ್ನೆ, ಆರು.
ಇಷ್ಟೇನಾ? ಅಂದೆ.
ಇಷ್ಟೇ, ಅಂದಳು. ಧ್ವನಿ ನಡುಗಿತ್ತು.

ನನ್ನ ಪೈಪಿನಲ್ಲಿ ಹಾದುಹೋದದ್ದು ಗಂಟು ಮಾತ್ರ,
ಉತ್ತರವಲ್ಲ.
ಹಾಗಾದರೆ ಆ ಚೂರು ಎಲ್ಲಿತ್ತು?
ಅವಳು ಅಳುತ್ತಿದ್ದಳೋ ಏನೋ, ಕೇಳಲಿಲ್ಲ.

ಪೈಪಿನ ಮೇಲೆ ಕೈಯಿಟ್ಟೆ.
ಹೊರಮೈ ಬೆಚ್ಚಗೇ ಇತ್ತು, ಎಲ್ಲ ಪೈಪುಗಳ ಹಾಗೆ.
ಏಳನೇ ಬೆಸುಗೆಯ ಮೇಲೆ ನನಗೆ ಮೊದಲಿಂದಲೂ ಅನುಮಾನ;
ಬಗ್ಗಿ, ಟಾರ್ಚು ಬಿಟ್ಟು ನೋಡಿದೆ.
ಸೋರುತ್ತಿರಲಿಲ್ಲ.