ಸರಿ, ಸರಿ, ತಪ್ಪು

ಕೌನಸ್ ಆಸ್ಪತ್ರೆಯ ಮೂರನೆಯ ಮಹಡಿ.
ಸ್ಕಿರ್ಮಾಂತೆ ಮೇಜಿನ ಮೇಲೆ ನಾಲ್ಕು ಎಲೆ ಹರಡುತ್ತಾಳೆ:
ಒಂದು ಕೆಂಪು ಮೀನು, ಎರಡು ಹಸಿರು ಕೊಡೆ,
ಮೂರು ಹಳದಿ ಕೀಲಿಕೈ, ನಾಲ್ಕು ನೀಲಿ ಬಟ್ಟಲು.
ನನ್ನ ಕೈಯಲ್ಲೊಂದು ಕಟ್ಟು.
ಯಾವುದು ಯಾವುದರ ಕೆಳಗೆ, ಅವಳು ಹೇಳುವಂತಿಲ್ಲ.
ಇಟ್ಟ ಮೇಲೆ ಸರಿ, ಇಲ್ಲವೇ ತಪ್ಪು. ಅಷ್ಟೇ.

ಬಣ್ಣಕ್ಕೆ ಬಣ್ಣ ಇಟ್ಟೆ. ಸರಿ.
ಸರಿ. ಸರಿ. ಸರಿ.
ನಲವತ್ತೊಂದು ವರ್ಷದಲ್ಲಿ ಒಂದೇ ಬೆಳಿಗ್ಗೆ
ಇಷ್ಟು ಸಲ ಯಾರೂ ನನಗೆ ಹಾಗೆ ಅಂದಿರಲಿಲ್ಲ.
ಆಮೇಲೆ, ಅದೇ ಕೆಂಪಿನ ಕೆಳಗೆ ಅದೇ ಕೆಂಪು:
ತಪ್ಪು.

ಇಲ್ಲೇ ನಾನು ಯಾವಾಗಲೂ ಬೀಳುವುದು.
ಬಸ್ಸು ಬಾರದಿದ್ದರೆ, ನಾನು ನಿಂತದ್ದಕ್ಕೆ.
ಬ್ರೆಡ್ಡಿನ ಅಂಗಡಿಯವಳು ಚಿಲ್ಲರೆ ಇಲ್ಲವೆಂದರೆ,
ಯಾರೋ ಅವಳಿಗೆ ಮೊದಲೇ ಹೇಳಿಟ್ಟದ್ದಕ್ಕೆ.
ಒಂಬತ್ತು ವರ್ಷ ಟ್ರಾಲಿಬಸ್ ಡಿಪೋದಲ್ಲಿ ದುಡಿದವ,
ಊರ ತಂತಿಯೆಲ್ಲ ನನಗೆ ಗೊತ್ತು.
ಒಂದು ಮಾರ್ಚಿಯಲ್ಲಿ ಅವಕ್ಕೂ ನನ್ನ ಹೆಸರು ಗೊತ್ತಾಯಿತು.
ವೈದೋತಾಸ್, ಎಡಕ್ಕೆ.
ವೈದೋತಾಸ್, ಊಟ ಬೇಡ.
ವೈದೋತಾಸ್, ನಿನ್ನಿಂದ ಏನಾಗುತ್ತೆ.
ಮೊದಲೆರಡನ್ನು ಮಾತ್ರೆ ನಿಲ್ಲಿಸಿತು.
ಮೂರನೆಯದಕ್ಕೆ ತಂತಿ ಬೇಕೇ ಇರಲಿಲ್ಲ;
ಅಕ್ಕನ ದನಿಯಲ್ಲಿ ಬಂತು, ಡಿಪೋ ಮೇಸ್ತ್ರಿಯ ದನಿಯಲ್ಲಿ,
ಕೊನೆಗೆ ನನ್ನದೇ ದನಿಯಲ್ಲಿ.

ಮತ್ತೆ ಬಣ್ಣ. ತಪ್ಪು. ಮತ್ತೂ ಬಣ್ಣ. ತಪ್ಪು.
ತಿಳಿದಿದ್ದೂ ಅದನ್ನೇ ಇಡುತ್ತದೆ ಕೈ,
ಮಾರಿದ ದನ ಹಳೇ ಕೊಟ್ಟಿಗೆಗೆ ಮರಳಿದ ಹಾಗೆ.
ಎಲ್ಲಿಂದ ಬಂತೋ ಧೈರ್ಯ, ಕೇಳಿಯೇ ಬಿಟ್ಟೆ:
“ನೀವು ನಿಯಮ ಬದಲಾಯಿಸಿದಿರಿ, ಅಲ್ಲವೇ?”
ಇದೇ ಮಾತಿಗೆ ಹಿಂದೊಮ್ಮೆ ನಾಲ್ವರು ಹಿಡಿದು
ಸೂಜಿ ಚುಚ್ಚಿದ್ದರು.

ಸ್ಕಿರ್ಮಾಂತೆ ಉತ್ತರ ಕೊಡುವಂತಿಲ್ಲ.
ಆದರೆ ಅವಳ ಕಿವಿಯ ತುದಿ ಕೆಂಪಾಯಿತು,
ನಾನು ನೋಡಿದೆ.
ಎಣಿಕೆಗೆ ಎಣಿಕೆ ಇಟ್ಟೆ.
ಸರಿ.

ಕಾಗದದ ಕೊನೆಯ ಪ್ರಶ್ನೆ:
ನಿಮ್ಮ ಬದುಕಿನಲ್ಲಿ ನಡೆಯುವುದೆಲ್ಲ
ನಿಮ್ಮಿಂದಲೋ, ಅದೃಷ್ಟದಿಂದಲೋ, ಬಲಶಾಲಿಗಳಿಂದಲೋ?
ಒಂದಕ್ಕೆ ಗುರುತು ಹಾಕಿ.
ಪೆನ್ಸಿಲು ಬಹಳ ಹೊತ್ತು ಗಾಳಿಯಲ್ಲಿತ್ತು.
“ಸೋಮವಾರ ಹೇಳುತ್ತೇನೆ” ಎಂದೆ.

ಮನೆಗೆ ಹೋಗುವಾಗ ಸೇತುವೆಯ ತಿರುವಿನಲ್ಲಿ
ಟ್ರಾಲಿಬಸ್ಸಿನ ಕೋಲು ತಂತಿಯಿಂದ ಕಳಚಿತು.
ದೀಪ ಆರಿತು. ಚಾಲಕಿ ಹೊಸಬಳು,
ಕೈಗವಸು ಹುಡುಕುತ್ತಿದ್ದಾಳೆ.
ಹಿಂದಿನ ಸೀಟಿನ ಮುದುಕ ನಗರಸಭೆಯನ್ನು ಬೈಯುತ್ತಿದ್ದಾನೆ.

ಕರೆಂಟು ಮೇಲಿನದು, ನಿಜ.
ಅದು ನನ್ನದಲ್ಲ, ಯಾವತ್ತೂ ಆಗಿರಲಿಲ್ಲ.
ಹಗ್ಗ ಮಾತ್ರ ಹಿಂದೆ ನೇತಾಡುತ್ತಿತ್ತು,
ಕೈಗೆ ಎಟುಕುವಷ್ಟು ಕೆಳಗೆ.

ಟೋಪಿ ಸೀಟಿನಲ್ಲೇ ಮರೆತು ಇಳಿದೆ.
ಹಗ್ಗ ಜಗ್ಗಿ, ತುಸು ಸಡಿಲ ಬಿಟ್ಟು,
ಗಾಳಿ ನಿಲ್ಲುವ ತನಕ ಕಾದು,
ಕೋಲನ್ನು ತಂತಿಗೆ ಮೆಲ್ಲಗೆ ಮುಟ್ಟಿಸಿದೆ.
ಕಿಡಿ ಹಾರಿತು. ಒಳಗೆ ದೀಪ ಹತ್ತಿತು.
ಮುದುಕ ಬೈಯುವುದನ್ನೇನೂ ನಿಲ್ಲಿಸಲಿಲ್ಲ.

ಚಾಲಕಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು:
“ಆಯಿತಾ?”

ಸುತ್ತ ನೋಡಿದೆ.
ಹೇಳಬೇಕಾದವನು ನಾನೇ.

“ಸರಿ” ಎಂದೆ.