ಮೈನಸ್ ನಲವತ್ತು

ಸಂಖದ ಹಾದಿ, ಮೇ ತಿಂಗಳ ಮಟಮಟ ಮಧ್ಯಾಹ್ನ.
ಗ್ಯಾರೇಜಿನ ತಗಡು ತನ್ನಷ್ಟಕ್ಕ ತಾನ ಟಣ್ ಅಂತಿತ್ತು.
ಬೋರ್ಡು ಮರಾಠಿ, ಬೈಗಳ ಕನ್ನಡ,
ಸ್ಕ್ಯಾನರು ಇಂಗ್ಲಿಷ್.
ಮೂರೂ ಬರದ ಒಂದು ದೀಪ
ಅಮಸಿದ್ಧ ಬಿರಾದಾರನ ಗಾಡ್ಯಾಗ
ಒಂದೂವರಿ ವರ್ಷದಿಂದ ಹತ್ತೇ ಇತ್ತು.

ಮೊದಲ ನನಗ ಕಾಣಲಿಲ್ಲ.
ಮೀಟರಿನ ಗಾಜಿನ ಮ್ಯಾಲ ಒಂದು ಮೆರೂನ್ ಟಿಕಳಿ.
"ಯಾರದಿದು?"
"ದ್ರಾಕ್ಷಿ ತ್ವಾಟಕ್ಕ ಬರೂ ಹೆಣಮಕ್ಕಳದು.
ಮುಂದ ಕುಂಡ್ರೂ ಗೌರಾಬಾಯಿ ಹಚ್ಯಾಳ,
ನಸಿಕಿನ್ಯಾಗ ಕಣ್ಣಿಗೆ ಚುಚ್ಚತೈತಿ ಅಂತ."
ಉಗುರಿಲೆ ಕಿತ್ತೆ.
ಕೆಳಗ ಹಳದಿ ಇಂಜಿನ್ನು, ಶೇಂಗಾ ಬೀಜದಷ್ಟ,
ಮಕ್ಕಳು ತಗದ ನಳದ ಚಿತ್ರದಂಗ.

ಜತ್ತದಾಗ ತೋರಿಸ್ಯಾನಂತ.
ಸೆನ್ಸಾರು ಹೊಸಾದು, ಎರಡ ಸಲ.
ಆಕ್ಸಿಜನ್ನಿಂದೂ ಒಂದು.
ರಸೀದಿ ಬಿಚ್ಚಿ ಬಾನೆಟ್ಟಿನ ಮ್ಯಾಲ ಹಾಸಿದ,
ಬೆವರಿಗೆ ಅಕ್ಷರ ಹರದಿದ್ದವು.
"ಕರೇ ಹೊಗಿ. ಲೀಟರಿಗೆ ಒಂಬತ್ತು.
ಇದನ್ನ ಮಾರಿ ಎಮ್ಮಿ ಕಟ್ಟತೇನಿ."

ಪ್ಲಗ್ಗು ಹಾಕಿದೆ. ಸ್ಕ್ಯಾನರು ಗಳಿಗಿ ವಿಚಾರ ಮಾಡಿ
ಕೂಲಂಟಿನ ತಾಪಮಾನ ಹೇಳಿತು:
ಮೈನಸ್ ನಲವತ್ತು.

ಹೊರಗ ನಲವತ್ತೆರಡು. ನಾಯಿ ಲಾರಿ ಬುಡಕ.
ಇಬ್ಬರೂ ನಕ್ಕೆವು.
ಆದ್ರ ಆ ಕರೇ ಡಬ್ಬಿ, ಗಾಡಿಯ ತಲಿ,
ನಕ್ಕಿರಲಿಲ್ಲ, ನಂಬಿತ್ತು.
ಪಾಪ, ಕೂಸಿಗೆ ಚಳಿ ಅಂತ
ಒಂದೂವರಿ ವರ್ಷ ಪೆಟ್ರೋಲಿನ ಕೌದಿ ಮ್ಯಾಲ ಕೌದಿ
ಹೊಚ್ಚಿಕೋತ ಬಂದಿತ್ತು.
ಅದರ ತಪ್ಪಲ್ಲ. ಯಾರೋ ಹೇಳಿದ ಸುಳ್ಳು.

ಯಾರು?

ಸೆನ್ಸಾರಿನ ಮೂತಿ ಬಿಚ್ಚಿದೆ.
ಎರಡ ವಾಯರಿನ ಬಾಯಿಗೆ ತಾಮ್ರದ ತುಂಡಿಟ್ಟು ಕೂಡಿಸಿದೆ.
ದಾರಿ ನೆಟ್ಟಗಿದ್ರ ಅಂಕಿ ಆ ತುದಿಗೆ ಜಿಗೀಬೇಕು,
ನೂರಾನಲವತ್ತು ಅಂತ ಒದರಬೇಕು ಯಂತ್ರ.
ಒದರಲಿಲ್ಲ.
ಮತ್ತ ಅದ ಮೈನಸ್ ನಲವತ್ತು.
ಅಂದ್ರ ಸೆನ್ಸಾರು ಸುಳ್ಳು ಹೇಳಿಲ್ಲ.
ಅದು ಹೇಳಿದ್ದು ಮುಟ್ಟೇ ಇಲ್ಲ.

ಗೌರಾಬಾಯಿ ಕುಂಡ್ರೂ ಸೀಟು ಎತ್ತಿದೆ.
ಬುಡಕ ಇಂಜಿನ್ನು, ಮಗ್ಗಲ ಇಲಿಯ ಸಂಸಾರ:
ಗೋಣಿ ನಾರು, ಬಸ್ಸಿನ ಟಿಕೀಟು,
ಒಂದು ಹಿಡಿ ಬೇದಾಣಿ, ಒಂದನೇ ನಂಬರಿನ ಮಾಲು,
ಮತ್ತ ಕಡದ ವಾಯರು,
ಹಸರು ಕಿಲುಬು ಹಿಡದ ತುದಿ.

ಉಸ್ತಾದ ಮೌಲಾಸಾಬ ಸ್ಕ್ರೂಡ್ರೈವರಿನ ಹಿಡಿಕಿ ಕಿವಿಗಿಟ್ಟು
ಇಂಜಿನ್ನಿನ ಮಾತು ಕೇಳಾಂವ. ಅಂತಿದ್ದ:
ಕೇಳದಿದ್ರ ಕೇಳಲಿಲ್ಲ ಅನ್ನು, ಇಲ್ಲ ಅನಬ್ಯಾಡ.
ಈ ಡಬ್ಬಿಗೆ ಅದು ಬರೂದಿಲ್ಲ.
ತಂತಿ ಕಡದ ಮೌನಾನ ಥಂಡಿ ಅಂತ ಓದತೈತಿ,
ಅದೂ ತನಗ ಗೊತ್ತಿದ್ದ ಥಂಡ್ಯಾಗ ಎಲ್ಲಾಕಿಂತ ದೊಡ್ಡ ಥಂಡಿ.
ನಾನೂ ಹಂಗ.
ಸಾಂಗೋಲ್ಯಾದ ಅಕ್ಕ ಫೋನ್ ಮಾಡಿ ಎರಡ ವರ್ಷಾತು.
ಅಕಿ ಹೆಸರಿನ ಮುಂದ ಏನಂತ ಬರಕೊಂಡು ಕುಂತೇನಿ,
ಯಾವ ಇಲಿ, ಯಾವ ಸೀಟಿನ ಬುಡಕ

"ಮಾಮಾ, ಎಷ್ಟ ಆತು?"

ಬೆಸುಗಿ ಹಾಕಿ, ಟೇಪು ಸುತ್ತಿ, ಮ್ಯಾಲ ಕೊಳವಿ ತೊಡಿಸಿದೆ.
ಅಂಕಿ ಎದ್ದು ಕುಂತಿತು: ನಲವತ್ತೆರಡು.
ಸ್ಟಾರ್ಟ್ ಮಾಡಿದ ಮ್ಯಾಲ ಐವತ್ತು, ಎಪ್ಪತ್ತು,
ಎಂಬತ್ತೇಳಕ್ಕ ಬಂದು ದಮ್ಮು ತಗೊಂಡು ನಿಂತಿತು.
ದೀಪ ಆರಿಸಿದೆ. ಮತ್ತ ಹತ್ತಲಿಲ್ಲ.
ನೂರಾಐವತ್ತು ಅಂದೆ. ಅಮಸಿದ್ಧ ನಂಬಲಿಲ್ಲ.
ಕತ್ತಲಾದ ಜಾಗಾನ ನೋಡಿಕೋತ ಕುಂತ.
"ಬಲ್ಬು ಹೋಗಿರಬೇಕು ಮಾಮಾ. ಹೋಗಿಲ್ಲಂತ ಹ್ಯಾಂಗ ತಿಳೀಬೇಕು?"

"ಬಂದ್ ಮಾಡು. ಚಾವಿ ಅರ್ಧ ತಿರುವು, ಸ್ಟಾರ್ಟ್ ಬ್ಯಾಡ."
ತಿರುವಿದ.
ಎಣ್ಣಿ, ಬ್ಯಾಟರಿ, ಬ್ರೇಕು, ಇಂಜಿನ್ನು,
ಕೆಂಪು ಹಳದಿ ಎಲ್ಲಾ ಒಮ್ಮೆಲೆ ಎದ್ದವು,
ಸಾಲ್ಯಾಗ ಹಾಜರಿ ಕರದಂಗ.
"ದಿನಾ ಮುಂಜಾನೆ ಇಷ್ಟ ನೋಡು.
ಹಾಜರ್ ಅಂತ ಕೂಗಿ ಕುಂತದ್ದಕ್ಕ ಅಂಜಬ್ಯಾಡ.
ಕೂಗದ ಹುಡುಗ ಯಾವುದೈತಿ, ಅದಕ್ಕ ಅಂಜು."

ಹೋದ. ಹೊಗಿ ಇರಲಿಲ್ಲ, ಬರೇ ಧೂಳು.
ಟಿಕಳಿ ಇನ್ನೂ ನನ್ನ ಹೆಬ್ಬೆರಳಿಗೇ ಇತ್ತು.
ಒರಸಾಕ ಏನೂ ಸಿಗಲಿಲ್ಲ,
ಫೋನಿನ ಗಾಜಿಗೆ ಒರಸಿದೆ.
ಅಲ್ಲೇ ಕುಂತಿತು.